ಮದ್ದಿನ ಅರಿವೂ ದಾಸೋಹವೇ

12ನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ಶರಣರಿದ್ದರು. ಹೆಸರೇ ಹೇಳುವಂತೆ ವೈದ್ಯ ಅವರ ಕಾಯಕ. ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದ ಅವರ ವಚನಗಳಲ್ಲಿ ರೋಗ, ಔಷಧಗಳ ಮಾತೇ ಅನುಭಾವದ ಮಾತಾಗಿ ಬಂದಿದೆ. ಕಾಯಕವೆಂದ ಮೇಲೆ ಅದರ ಬೆನ್ನಿಗೇ ದಾಸೋಹ ಬರಬೇಕಲ್ಲವೆ? ಅನ್ನವನ್ನು ಕಟ್ಟಿಟ್ಟುಕೊಂಡವನನ್ನು ನಾವು ದಾಸೋಹಿ ಎನ್ನುವುದಿಲ್ಲ. ಹಾಗಾದರೆ ಮದ್ದಿನ ಅರಿವನ್ನು ಕಟ್ಟಿಟ್ಟುಕೊಂಡವನನ್ನು ಏನೆನ್ನಬೇಕು? ಹಿರಿಯರ ಮುಂದೆ ಈ ಪ್ರಶ್ನೆಯನ್ನು ವಿನಯದಿಂದ ಇಡುತ್ತಿದ್ದೇನೆ.

ಕಾರಣವಿದೆ. ನಮ್ಮ ಸೀಮೆಯ ಒಂದು ಊರಿನಲ್ಲಿ ಅರಿಷಿಣ ಕಾಮಾಲೆಗೆ ಮದ್ದು ಕೊಡುವ ಹಿರಿಯರೊಬ್ಬರಿದ್ದರು. ಸೋಮವಾರ, ಗುರುವಾರ ಹೊತ್ತು ಮೂಡುವ ಮುನ್ನ ಬರಿಹೊಟ್ಟೆಯಲ್ಲಿ ಬಂದವರಿಗೆ ಮಜ್ಜಿಗೆಯಲ್ಲಿ ಕಲಸಿದ ಹಸಿರು ಮುದ್ದೆ ಕೊಡುತ್ತಿದ್ದರು. ಹಣ ಮುಟ್ಟುತ್ತಿರಲಿಲ್ಲ, ಒಂದು ತೆಂಗಿನಕಾಯಿ ಇಟ್ಟರೆ ಸಾಕು. ನಾನೂ ಬಾಲ್ಯದಲ್ಲಿ ಆ ಕಹಿಯನ್ನು ಕುಡಿದವನೇ. ಸೊಪ್ಪು ಯಾವುದೆಂದು ಯಾರಾದರೂ ಕೇಳಿದರೆ, “ಹೇಳಿದರೆ ಮದ್ದಿನ ಗುಣ ಹೋಗುತ್ತದೆ, ತಮ್ಮಾ” ಎನ್ನುತ್ತಿದ್ದರು. ಒಂದು ಮಳೆಗಾಲದಲ್ಲಿ ಅವರು ಲಿಂಗೈಕ್ಯರಾದರು. ಮುಂದಿನ ಸೋಮವಾರವೂ ಜನ ಬಂದರು. ಮಗ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

ಹೇಳಿದರೆ ಗುಣ ಹೋಗುತ್ತದೆಂಬ ಈ ನಂಬಿಕೆ ನಾಡಿನ ಉದ್ದಗಲಕ್ಕೂ ಇದೆ. ಇದರ ಹಿಂದೆ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಅರೆಬರೆ ತಿಳಿದವನ ಕೈಗೆ ಮದ್ದು ಸಿಕ್ಕರೆ ವಿಷವಾದೀತೆಂಬ ಎಚ್ಚರವಿತ್ತು. ಮಾರಾಟದ ವಸ್ತುವಾದೀತೆಂಬ ಅಳುಕೂ ಇತ್ತು. ಆದರೆ ಮೊಮ್ಮಕ್ಕಳು ಪೇಟೆ ಸೇರಿ, ಬೇಲಿಯ ಗಿಡ ಕಡಿದು ಕಲ್ಲುಗಂಬ ನೆಟ್ಟ ಈ ಕಾಲದಲ್ಲಿ ಆ ಗುಟ್ಟು ಕಾಯುವುದಾದರೂ ಯಾರನ್ನು?

14ನೆಯ ಶತಮಾನದಲ್ಲಿ ಮಂಗರಾಜ ಕವಿ ವಿಷವೈದ್ಯವನ್ನೇ ವಿಷಯವಾಗಿಟ್ಟುಕೊಂಡು ‘ಖಗೇಂದ್ರಮಣಿದರ್ಪಣ’ ಬರೆದ. ಅದಕ್ಕೂ ಹಿಂದೆ, ಚಾಲುಕ್ಯ ಮನೆತನದ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗಾಗಿ ‘ಗೋವೈದ್ಯ’ ರಚಿಸಿದ. ತಿಳಿದದ್ದನ್ನು ಕನ್ನಡದಲ್ಲೇ ಬರೆದಿಡುವ ರೂಢಿ ನಮಗೆ ಹೊಸದೇನಲ್ಲ.

ಬರೆದಿಟ್ಟರೆ ಏನಾಗುತ್ತದೆಂಬುದನ್ನು ನಮ್ಮ ಅಡುಗೆಮನೆಯ ಅರಿಷಿಣವೇ ತೋರಿಸಿತು. ಗಾಯಕ್ಕೆ ಅರಿಷಿಣ ಹಚ್ಚಿದರೆ ಮಾಯುತ್ತದೆಂಬ ಸಂಗತಿಗೆ 1995ರಲ್ಲಿ ಅಮೆರಿಕ ದೇಶವು ಅಲ್ಲಿನ ಒಂದು ವಿಶ್ವವಿದ್ಯಾಲಯದ ವೈದ್ಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟುಬಿಟ್ಟಿತು. ನಮ್ಮ ಅಜ್ಜಿಯರೆಲ್ಲ ಬಲ್ಲದ್ದು ಅವರ ಸ್ವತ್ತಾಯಿತು! ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ಬಾಯಿಮಾತಿನ ತಿಳಿವಳಿಕೆಗೆ ಬೆಲೆಯಿರಲಿಲ್ಲ, ಬರೆದದ್ದಕ್ಕೆ ಮಾತ್ರ ಇತ್ತು. ಹಳೆಯ ಗ್ರಂಥಗಳು, 1953ರ ಒಂದು ವೈದ್ಯ ಪತ್ರಿಕೆಯ ಲೇಖನ ಸೇರಿದಂತೆ 32 ದಾಖಲೆಗಳನ್ನು ಮುಂದಿಟ್ಟ ಮೇಲೆ 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಕೋಟಿ ಅಜ್ಜಿಯರ ಅನುಭವ ಮಾಡಲಾರದ್ದನ್ನು ಕಾಗದದ ತುಂಡುಗಳು ಮಾಡಿದವು. ಇದು ನ್ಯಾಯವೇ ಎಂದರೆ ಅಲ್ಲ. ಆದರೆ ಆದದ್ದು ಹೀಗೆ.

ಬರೆಯುವುದೆಂದರೆ ಗಿಡದ ಹೆಸರೊಂದನ್ನೇ ಬರೆಯುವುದೂ ಅಲ್ಲ. ಚೀನಾದ ತು ಯುಯು ಎಂಬ ಮಹಿಳೆ 1969ರಿಂದ ಮಲೇರಿಯಾ ಜ್ವರಕ್ಕೆ ಔಷಧ ಹುಡುಕುತ್ತಿದ್ದರು. ಒಂದು ಬಗೆಯ ಮಾಚಿಪತ್ರೆ ಜಾತಿಯ ಗಿಡದ ಸಾರ ಒಮ್ಮೆ ಫಲ ಕೊಟ್ಟರೆ ಇನ್ನೊಮ್ಮೆ ಕೊಡುತ್ತಿರಲಿಲ್ಲ. ಕೊನೆಗೆ ದಾರಿ ತೋರಿಸಿದ್ದು 4ನೆಯ ಶತಮಾನದ ಗೆ ಹಾಂಗ್ ಎಂಬ ವೈದ್ಯನ ಗ್ರಂಥ. ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂದು ಅದರಲ್ಲಿತ್ತು, ಕುದಿಸಬೇಕೆಂದು ಇರಲಿಲ್ಲ. ಬಿಸಿ ತಾಗಿ ಗುಣ ಕೆಡುತ್ತಿದೆಯೆಂದು ಆಕೆಗೆ ಹೊಳೆಯಿತು. 1971ರಲ್ಲಿ ಕಡಿಮೆ ಶಾಖದಲ್ಲಿ ತೆಗೆದ ಸಾರವು ಇಲಿ, ಮಂಗಗಳ ಮಲೇರಿಯಾವನ್ನು ಪೂರ್ತಿ ತಡೆಯಿತು. ರೋಗಿಗಳಿಗೆ ಕೊಡುವ ಮುನ್ನ ಆಕೆ ಮತ್ತು ಸಂಗಡಿಗರು ತಾವೇ ಅದನ್ನು ಸೇವಿಸಿ ನೋಡಿದರು. 2015ರಲ್ಲಿ ಆಕೆಗೆ ನೊಬೆಲ್ ಪ್ರಶಸ್ತಿ ಬಂತು. ಕುದಿಸುವುದೋ ಹಿಂಡುವುದೋ ಎಂಬ ಒಂದೇ ಮಾತನ್ನು ಆ ಹಳೆಯ ವೈದ್ಯ ಬರೆಯದೆ ಬಿಟ್ಟಿದ್ದರೆ?

“ಹೇಳಿದರೆ ದೊಡ್ಡವರು ದೋಚಿಕೊಂಡು ಹೋಗುತ್ತಾರೆ” ಎಂದು ಹಿರಿಯರು ಹೇಳುವುದುಂಟು. ಸುಳ್ಳಲ್ಲ. 1987ರಲ್ಲಿ ಕೇರಳದ ಅಗಸ್ತ್ಯ ಬೆಟ್ಟದ ಕಾಡಿಗೆ ಹೋದ ವಿಜ್ಞಾನಿಗಳು ಹತ್ತಿ ಹತ್ತಿ ಸೋತಾಗ, ದಾರಿ ತೋರಿಸುತ್ತಿದ್ದ ಕಾಣಿ ಬುಡಕಟ್ಟಿನ ಯುವಕರು ಮಾತ್ರ ಏನೋ ಸಣ್ಣ ಕಾಯಿ ತಿನ್ನುತ್ತಾ ದಣಿಯದೆ ನಡೆಯುತ್ತಿದ್ದರು. ಮೊದಲು ಹೇಳಲೊಲ್ಲದವರು ಒತ್ತಾಯಕ್ಕೆ ಗಿಡ ತೋರಿಸಿದರು. ಅದರಿಂದ ‘ಜೀವನಿ’ ಎಂಬ ಔಷಧ ತಯಾರಾಯಿತು. ಅದರ ಪರವಾನಗಿಯ ಹಣದಲ್ಲಿ ಅರ್ಧ ಕಾಣಿ ಜನರಿಗೆ ಸಲ್ಲಬೇಕೆಂದು ಗೊತ್ತಾಗಿ, ಅವರದೇ ಒಂದು ಟ್ರಸ್ಟ್ ಕೂಡ ಆಯಿತು. ನಾಡೆಲ್ಲ ಕೊಂಡಾಡಿತು. ಆದರೆ ಆ ಬುಡಕಟ್ಟಿನ ಕೆಲವು ಹಿರಿಯ ವೈದ್ಯರು, ತಮ್ಮನ್ನು ಕೇಳದೆ ಗುಟ್ಟು ಹೊರಹೋಯಿತೆಂದು ನೊಂದುಕೊಂಡರು. ಅವರ ನೋವಿನಲ್ಲಿಯೂ ಅರ್ಥವಿದೆಯೆಂದು ನನಗೆ ತೋರುತ್ತದೆ. ಕೊಡುವುದು ಬೇರೆ, ಕಿತ್ತುಕೊಳ್ಳುವುದು ಬೇರೆ.

ಇನ್ನು ಮನಸ್ಸಿಗೆ ಕಹಿಯಾದ ಒಂದು ಮಾತು. ಗುಟ್ಟು ಅರಿವನ್ನಷ್ಟೇ ಕಳೆಯುವುದಿಲ್ಲ, ತಪ್ಪನ್ನೂ ಕಾಪಾಡುತ್ತದೆ. ಮುಚ್ಚಿಟ್ಟ ಮದ್ದನ್ನು ಯಾರೂ ಪರೀಕ್ಷಿಸಲಾರರು. ಹಾವಿನ ಕಡಿತದ ವಿಷಯವನ್ನೇ ನೋಡಿ. ಹಳ್ಳಿಯ ನಾಟಿ ವೈದ್ಯರಲ್ಲಿ ಹಾವು ಕಡಿದ ಹತ್ತು ಜನ ಬಂದು ಹಲವರು ಬದುಕಿದರೆ ಮದ್ದಿಗೇ ಕೀರ್ತಿ. ಆದರೆ ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅವರು ಮದ್ದಿಲ್ಲದೆಯೂ ಬದುಕುತ್ತಿದ್ದರು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲಗಳ ವಿಷ ನಿಜವಾಗಿ ಏರಿದವನಿಗೆ ಸೊಪ್ಪಿನ ರಸ, ಮಂತ್ರ, ಕಟ್ಟುವ ಹಗ್ಗ ಯಾವುದೂ ಆಗಿಬರುವುದಿಲ್ಲ. ಹಾವಿನ ಕಡಿತಕ್ಕೆ ಕೊಡುವ ಈಶ್ವರಿ ಬಳ್ಳಿಯ ಜಾತಿಯಲ್ಲಿರುವ ಒಂದು ಆಮ್ಲ ಮೂತ್ರಪಿಂಡ ಕೆಡಿಸುತ್ತದೆ, ಕ್ಯಾನ್ಸರನ್ನೂ ತರುತ್ತದೆ ಎಂಬುದು 1990ರ ದಶಕದಿಂದೀಚೆಗೆ ಖಚಿತವಾಗಿದೆ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವಿನ ಕಡಿತದಿಂದ ಸತ್ತರೆಂಬ ಅಂದಾಜಿದೆ. ಇವರಲ್ಲಿ ಹೆಚ್ಚಿನವರು ಹೊಲಗದ್ದೆಯವರು, ನಮ್ಮವರು. ಕರ್ನಾಟಕ ಸರ್ಕಾರ 2024ರಲ್ಲಿ, ಹಾವಿನ ಕಡಿತದ ಪ್ರಕರಣ ಬಂದರೆ ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆಜ್ಞೆ ಮಾಡಿತು.

ಹಾಗೆಂದು ಹಳೆಯ ಅರಿವು ಇಲ್ಲಿ ಸೋತಿತೆನ್ನಬೇಡಿ. ಆಸ್ಪತ್ರೆಯಲ್ಲಿ ಕೊಡುವ ಆ ಚುಚ್ಚುಮದ್ದು ಎಲ್ಲಿಂದ ಬರುತ್ತದೆ ಬಲ್ಲಿರಾ? ಹಾವಿನ ವಿಷವನ್ನೇ ಅಲ್ಪಸ್ವಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸಿ ಮಾಡುತ್ತಾರೆ. ಮೊದಲಿಗೆ ಹಾವಿನ ವಿಷ ಬೇಕು. ಅದನ್ನು ಹಿಡಿಯುವವರು ಯಾರು? ತಮಿಳುನಾಡಿನ ಇರುಳರು. ಮಣ್ಣಿನ ಮೇಲಿನ ಸಣ್ಣ ಗೀರು, ಬಿಲದ ಬಾಯಿಯ ಹೊಳಪು ನೋಡಿ ಒಳಗಿರುವುದು ಯಾವ ಹಾವೆಂದು ಹೇಳುವ ಜನ ಅವರು. ಹಿಂದೆ ಹಾವಿನ ಚರ್ಮ ಮಾರಿ ಬದುಕುತ್ತಿದ್ದರು. ಕಾನೂನು ಬಂದು ಆ ವ್ಯಾಪಾರ ನಿಂತಾಗ ಬೀದಿಗೆ ಬಿದ್ದರು. 1978ರಲ್ಲಿ ಮಹಾಬಲಿಪುರದ ದಾರಿಯ ವಡನೆಮ್ಮೇಲಿಯಲ್ಲಿ ಅವರದೇ ಸಹಕಾರ ಸಂಘವಾಯಿತು. ಹಾವು ಹಿಡಿದು, ಕೆಲವು ವಾರ ಮಡಕೆಗಳಲ್ಲಿಟ್ಟು, ವಿಷ ತೆಗೆದು, ಮತ್ತೆ ಕಾಡಿಗೇ ಬಿಡುತ್ತಾರೆ. ದೇಶದ ಚುಚ್ಚುಮದ್ದಿಗೆ ಬೇಕಾದ ವಿಷದ ಬಹುಪಾಲು ಈ ಸಂಘದಿಂದಲೇ ಹೋಗುತ್ತಾ ಬಂದಿದೆ. ಅವರಲ್ಲಿ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಎಂಬಿಬ್ಬರಿಗೆ 2023ರಲ್ಲಿ ಪದ್ಮಶ್ರೀ ಬಂತು. ಅಜ್ಜನಿಂದ ಮೊಮ್ಮಗನಿಗೆ ಇಳಿದ ಕಣ್ಣಿನ ಅರಿವು, ಪ್ರಯೋಗಾಲಯ, ಕುದುರೆ, ತಾಲ್ಲೂಕು ಆಸ್ಪತ್ರೆಯ ದಾದಿ — ಇವೆಲ್ಲ ಸೇರಿ ಒಬ್ಬ ರೈತನ ಜೀವ ಉಳಿಯುತ್ತದೆ. ಆದ್ದರಿಂದ ಹಾವು ಕಡಿದವರನ್ನು ನಿಮ್ಮ ಬಾಗಿಲಿಗೆ ಕರೆತಂದರೆ, ಕೈಮುಗಿದು ಕೇಳುತ್ತೇನೆ, ನಿಲ್ಲಿಸಿಕೊಳ್ಳಬೇಡಿ. ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಡಿದ ಅಂಗ ಅಲುಗದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಕಳುಹಿಸಿ. ನಿಮ್ಮ ಮಾತಿಗೆ ಊರಿನಲ್ಲಿ ತೂಕವಿದೆ, ಡಾಕ್ಟರ ಮಾತಿಗಿಂತ ಮೊದಲು ಜನ ನಿಮ್ಮದನ್ನೇ ಕೇಳುತ್ತಾರೆ.

ಕಾಮಾಲೆಗೂ ಈ ಮಾತು ಸಲ್ಲುತ್ತದೆ. ಅದರಲ್ಲಿ ಹಲವು ಬಗೆಗಳಿವೆ. ಕೆಲವು ಪಥ್ಯ, ವಿಶ್ರಾಂತಿಯಿಂದ ತಾವೇ ಇಳಿಯುತ್ತವೆ, ಕೆಲವು ಪಿತ್ತಜನಕಾಂಗವನ್ನೇ ತಿನ್ನುತ್ತವೆ. ಮದರಾಸಿನಲ್ಲಿ ನೆಲನೆಲ್ಲಿಯ ಮೇಲೆ ನಡೆದ ಪ್ರಯೋಗವೊಂದು 1988ರಲ್ಲಿ ಪ್ರಕಟವಾಗಿ ಲೋಕವೇ ಕಿವಿ ನಿಮಿರಿಸಿತು. ಮುಂದೆ ಬೇರೆ ಕಡೆ ಮಾಡಿದಾಗ ಅದೇ ಫಲ ಸಿಗಲಿಲ್ಲ. ರಕ್ತ ಪರೀಕ್ಷೆ ಮಾಡಿಸದೆ ಮುದ್ದೆ ನುಂಗುವ ಕಾಲ ಹೋಯಿತು.

ಅರಿವನ್ನು ಒಪ್ಪಿಸಲು ಈಗ ದಾರಿಯೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಊರಿನ ಗಿಡಮೂಲಿಕೆ, ಅದನ್ನು ಬಲ್ಲವರ ತಿಳಿವಳಿಕೆ ಒಂದು ದಾಖಲೆ ಪುಸ್ತಕದಲ್ಲಿ ಸೇರಬೇಕು. ಎಷ್ಟೋ ಕಡೆ ಅದು ಕಪಾಟಿನ ಪುಸ್ತಕವಾಗಿ ಕುಳಿತಿದೆಯೆಂಬ ದೂರು ನನ್ನದೂ ಹೌದು. ಹೋಗಿ ಕೇಳಿ. ಅದಕ್ಕೂ ಮೊದಲು ಮನೆಯಲ್ಲೇ ಒಂದು ನೋಟ್‌ಬುಕ್ ತೆರೆಯಿರಿ, ಬರೆಯಲು ಬಾರದಿದ್ದರೆ ಮೊಮ್ಮಗಳ ಮೊಬೈಲಿಗೆ ಹೇಳಿ. ಯಾವ ಮಾಸದ ಎಲೆ, ಬೇರೋ ತೊಗಟೆಯೋ, ಎಷ್ಟು, ಯಾರಿಗೆ ಕೊಡಬಾರದು, ಯಾವ ಲಕ್ಷಣ ಕಂಡರೆ ಮದ್ದು ನಿಲ್ಲಿಸಿ ಆಸ್ಪತ್ರೆಗೆ ಕಳುಹಿಸಿದ್ದೀರಿ, ಎಲ್ಲವೂ ಇರಲಿ. ಕೊಟ್ಟೂ ಗುಣವಾಗದಿದ್ದವರ ಲೆಕ್ಕವೂ ಇರಲಿ.

ಆ ಕಾಮಾಲೆಯ ಹಿರಿಯರ ಮನೆಗೆ ವರ್ಷದ ಮೇಲೆ ಹೋಗಿದ್ದೆ. ಮಗ ಹಿತ್ತಲಲ್ಲಿ ತಾಯಿಯೊಂದಿಗೆ ನಿಂತಿದ್ದ. ಗಂಡ ಮದ್ದು ಅರೆದ ಮೇಲೆ ಕಲ್ಲು ತೊಳೆಯುತ್ತಿದ್ದವರು ಆ ತಾಯಿ. ಯಾವ ಸೊಪ್ಪೆಂದು ಆಕೆಗೂ ಹೇಳಿರಲಿಲ್ಲ, ವಾಸನೆ ಮಾತ್ರ ಗೊತ್ತು. ಒಂದೊಂದೇ ಎಲೆ ಹೊಸಕಿ ಮೂಗಿಗೆ ಹಿಡಿಯುತ್ತಿದ್ದರು. ನೆಲನೆಲ್ಲಿ ಸಿಕ್ಕಿತ್ತು. ಇನ್ನೊಂದು ಗರುಗವಿರಬೇಕೆಂದರು. ಮೂರನೆಯದಕ್ಕಾಗಿ ಬೇಲಿಯುದ್ದಕ್ಕೂ ನಡೆದು, “ಅದರ ಗಿಡ ಹಳೇ ಕಲ್ಲುಬಾವಿ ಹತ್ತಿರ ಇತ್ತಪ್ಪ” ಎಂದರು. ಬಾವಿ ಮುಚ್ಚಿ ಆರು ವರ್ಷವಾಗಿತ್ತು.