ಕೌದಿಯೂ ಕಚ್ಚಾ ಬಣ್ಣವೂ

ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳಿಗೆ ಮರಣವಿಲ್ಲ. ಅವು ಕೌದಿಯಾಗಿ ಮರುಹುಟ್ಟು ಪಡೆಯುತ್ತವೆ. ನನ್ನ ತಾಯಿ ತೀರಿಕೊಂಡ ವರ್ಷ, ಅವಳ ಕೆಂಪು ನೂಲಿನ ಸೀರೆಯನ್ನೂ ತಂದೆಯವರ ಬಿಳಿಯ ಧೋತರವನ್ನೂ ಕೂಡಿಸಿ ನನ್ನ ಶ್ರೀಮತಿ ಮೊಮ್ಮಗಳಿಗೊಂದು ಕೌದಿ ಹೊಲಿದಳು. ಮೂರು ತಿಂಗಳ ಕೆಲಸ. ಮೊದಲ ಒಗೆತದಲ್ಲಿಯೇ ಸೀರೆಯ ಕೆಂಪು ಧೋತರಕ್ಕೆಲ್ಲ ಹತ್ತಿತು. ನೀರಿಗೆ ಒಂದು ಹಿಡಿ ಉಪ್ಪು ಹಾಕಬೇಕಿತ್ತೆಂದರು ನೆರೆಯವರು. ಹಾಕಿಯೇ ಇದ್ದೆವು.

ಉಪ್ಪಿನ ಮೇಲಣ ಈ ವಿಶ್ವಾಸಕ್ಕೆ ಒಂದು ಮೂಲವುಂಟು. ಬಣ್ಣಗಾರರು ತಮ್ಮ ಹಂಡೆಗೆ ಉಪ್ಪು ಹಾಕುವುದು ನಿಜ. ಅದು ನೀರಿನಲ್ಲಿರುವ ಬಣ್ಣವನ್ನು ನೂಲಿನತ್ತ ದೂಡುತ್ತದೆ. ಆದರೆ ಅದನ್ನು ನೂಲಿಗೆ ಬೆಸೆಯಲಾರದು. ವಿನೆಗರ್ ರೇಷ್ಮೆ, ಉಣ್ಣೆಗಳ ಕೆಲವು ಬಣ್ಣಗಳಿಗೆ ಒದಗೀತು. ಹತ್ತಿಗೆ ಅದರಿಂದ ಪ್ರಯೋಜನವಿಲ್ಲ.

ಬಣ್ಣ ಬಿಡುವುದಕ್ಕೆ ಕಾರಣ ಬಂಧದ ಸ್ವರೂಪದಲ್ಲಿದೆ. 1884ರಲ್ಲಿ ಕಾಂಗೋ ರೆಡ್ ಎಂಬ ಬಣ್ಣದೊಂದಿಗೆ ಆರಂಭವಾದ ‘ನೇರ ಬಣ್ಣ’ಗಳು ಹತ್ತಿಯನ್ನು ಸಡಿಲವಾಗಿ ಹಿಡಿದುಕೊಳ್ಳುತ್ತವೆ, ನೆನೆದಾಗಲೆಲ್ಲ ಜಾರುತ್ತವೆ. 1956ರಲ್ಲಿ ಮಾರುಕಟ್ಟೆಗೆ ಬಂದ ‘ರಿಯಾಕ್ಟಿವ್’ ಬಣ್ಣಗಳಾದರೋ ನೂಲಿನೊಡನೆ ರಾಸಾಯನಿಕವಾಗಿ ಒಂದಾಗುತ್ತವೆ. ಆದರೂ ಒಂದಾಗದೆ ಉಳಿದ ಅಂಶವನ್ನು ಕಾರಖಾನೆಯಲ್ಲಿ ಚೆನ್ನಾಗಿ ತೊಳೆಯದಿದ್ದರೆ, ಅದು ನಮ್ಮ ಬಕೆಟ್ಟಿನಲ್ಲಿ ಹೊರಬರುತ್ತದೆ.

ಆದುದರಿಂದ ಪರೀಕ್ಷೆ ಹೊಲಿಗೆಗೆ ಮೊದಲೇ ನಡೆಯಬೇಕು. ಒದ್ದೆ ಮಾಡಿದ ಬಿಳಿಯ ಚಿಂದಿಯಿಂದ ಪ್ರತಿಯೊಂದು ಬಟ್ಟೆಯನ್ನೂ ಉಜ್ಜಿ ನೋಡಿ. ಚಿಂದಿಗೆ ಬಣ್ಣ ಹತ್ತಿದರೆ, ಹತ್ತಿಬಟ್ಟೆಯಾದ ಪಕ್ಷದಲ್ಲಿ, ಸೋಪಿನ ಬಿಸಿನೀರಿನಲ್ಲಿ ಅದನ್ನು ಪ್ರತ್ಯೇಕವಾಗಿ ತೊಳೆಯಿರಿ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆಯಿರಿ. ಎಷ್ಟು ತೊಳೆದರೂ ನೀರು ತಿಳಿಯಾಗದ ಬಟ್ಟೆಯನ್ನು ಬಿಳಿಯ ಪಕ್ಕದಲ್ಲಿ ಹೊಲಿಯದಿರುವುದೇ ಜಾಣತನ. ರೇಷ್ಮೆಗೆ ಇಂಥ ಬಿಸಿನೀರು ಸಲ್ಲದು.

ಹೊಲಿದಾದ ಮೇಲೆ ಬಣ್ಣ ಹರಿದರೆ ಕೌದಿಯನ್ನು ಒಣಗಗೊಡಬೇಡಿ, ಹಿಂಡಿ ಮಡಿಸಿಯೂ ಇಡಬೇಡಿ. ದೊಡ್ಡ ಹಂಡೆಯ ತುಂಬ ಸೋಪಿನ ಬಿಸಿನೀರಿನಲ್ಲಿ ಪೂರ್ಣ ಮುಳುಗುವಂತೆ ಒಂದು ರಾತ್ರಿ ನೆನೆಸಿಡಿ. ಬಿಟ್ಟ ಬಣ್ಣವನ್ನು ಸೋಪು ನೀರಿನಲ್ಲಿಯೇ ತಡೆದಿಡುತ್ತದೆ. ನೀರು ಹೆಚ್ಚಿದ್ದಷ್ಟೂ ಬಣ್ಣ ತೆಳುವಾಗಿ, ಮರಳಿ ಹತ್ತುವ ಸಂಭವ ಕಡಿಮೆಯಾಗುತ್ತದೆ. ನೀರು ಕೆಂಪಾದರೆ ಬದಲಿಸಿ ಮತ್ತೆ ನೆನೆಸಬೇಕು. ನಾವು ಮಾಡಿದ್ದು ಇದಕ್ಕೆ ವಿಪರೀತ: ಗಾಬರಿಯಿಂದ ಹಿಂಡಿ, ಬಿಸಿಲಿಗೆ ಹರವಿದೆವು. ಕಲೆ ಊರಿಬಿಟ್ಟಿತು.

ತರುವಾಯ ನೆನಪಾಯಿತು: ನನ್ನ ತಾಯಿ ಆ ಸೀರೆಯನ್ನು ಎಂದೂ ಉಳಿದ ಬಟ್ಟೆಗಳೊಡನೆ ನೆನೆಹಾಕುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ಅದೊಂದನ್ನೇ ಬೇರೆ ಇಟ್ಟು ಒಗೆಯುತ್ತಿದ್ದಳು. ನಲವತ್ತು ವರ್ಷ ಅದನ್ನು ಕಂಡಿದ್ದ ನಾನು ಏಕೆಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಈ ಭಾಷಣದ ಅಗತ್ಯ ನನಗಂತೂ ಬೀಳುತ್ತಿರಲಿಲ್ಲ. ಮೊಮ್ಮಗಳು ಮಾತ್ರ ಆ ನಸುಗೆಂಪು ಕೌದಿಯನ್ನೇ ಹೊದ್ದು ಸುಖವಾಗಿ ನಿದ್ರಿಸುತ್ತಾಳೆ.