ಮೀನಿನ ಮೈಮೇಲೆ ಸಿಗಡಿಯ ನೆಂಟ: ಕೆರೆಗೆ ಔಷಧಿ ಸುರಿಯೋ ಮುಂಚೆ ಇದನ್ನ ಕೇಳಿ

ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಮೀನು ಸಾಕೋರಿಗೆ ಈ ದೃಶ್ಯ ಹೊಸದಲ್ಲ. ರೋಹು ಇದ್ದಕ್ಕಿದ್ದಂಗೆ ನೀರಿಂದ ಮೇಲೆ ಹಾರುತ್ತೆ, ಕಲ್ಲಿಗೆ ಮೈ ಉಜ್ಜುತ್ತೆ, ಮೇವು ಬಿಡುತ್ತೆ. ಹಿಡಿದು ನೋಡಿದ್ರೆ ಮೈಮೇಲೆ ಹೆಸರುಕಾಳಿನಷ್ಟು, ಚಪ್ಪಟೆಯಾದ ಜೀವಿ ಓಡಾಡ್ತಿರುತ್ತೆ. ಮೀನು ಹೇನು ಅಂತೀವಿ. ಆದರೆ ಅದು ಹೇನೂ ಅಲ್ಲ, ಹುಳವೂ ಅಲ್ಲ. ಹೆಸರು ಆರ್ಗುಲಸ್, ಸಿಗಡಿ ಮತ್ತು ಏಡಿಯ ಬಳಗದ್ದು.

ಇನ್ನೊಬ್ಬರ ಮೈ ಹಿಡ್ಕೊಂಡು ಬದುಕೋದು ಈ ಬಳಗಕ್ಕೆ ಹಳೇ ಚಾಳಿ. ಅಂಟಾರ್ಕ್ಟಿಕಾದ ಕೊರೆಯುವ ನೀರಲ್ಲಿ ಹೈಪೀರಿಯೆಲ್ಲಾ ಅನ್ನೋ ಪುಟಾಣಿ ಇದೆ. ಚಿಪ್ಪಿಲ್ಲದ ಕಡಲ ಬಸವನಹುಳುವೊಂದನ್ನ ಹಿಡಿದು, ಬೆನ್ನ ಮೇಲೆ ಹೊತ್ತೇ ಈಜುತ್ತೆ. ಬಸವನಹುಳುವಿನ ಮೈಯ ರಾಸಾಯನಿಕ ಮೀನಿಗೆ ಸೇರಲ್ಲ, ಬಾಯಿಗೆ ಹಾಕ್ಕೊಂಡ್ರೂ ಎರಡನ್ನೂ ಉಗುಳಿಬಿಡುತ್ತೆ. 1990ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನ ವರದಿ ಮಾಡಿದ ವಿಜ್ಞಾನಿಗಳು ಬಳಸಿದ ಪದ ‘ಅಪಹರಣ’.

ನಮ್ಮ ಆರ್ಗುಲಸ್‌ಗೆ ಗುರಾಣಿ ಬೇಡ, ರಕ್ತ ಬೇಕು. ಎರಡು ಬಟ್ಟಲಿನಂಥ ಹೀರುಗಳಿಂದ ಅಂಟಿಕೊಂಡು, ಸೂಜಿಯಂಥ ಮೊನೆಯಿಂದ ಚುಚ್ಚುತ್ತೆ. ಆ ಗಾಯಕ್ಕೆ ಬೂಷ್ಟು, ಬ್ಯಾಕ್ಟೀರಿಯಾ ಸೇರಿದ್ರೆ ಮೀನು ಉಳಿಯೋದು ಕಷ್ಟ.

ಗಾಬರಿಯಲ್ಲಿ ಕೀಟನಾಶಕ ತಂದು ಅಂದಾಜಿಗೆ ಸುರಿಯೋರಿದ್ದಾರೆ. ಒಂದು ನಿಮಿಷ ತಡೀರಿ. ಕಾಟ್ಲಾ ಮೀನು ತಿನ್ನೋದು ನೀರಿನ ಸೂಕ್ಷ್ಮ ಪ್ರಾಣಿಗಳನ್ನ. ಅವುಗಳಲ್ಲಿ ಬಹಳಷ್ಟು ಇದೇ ಸಿಗಡಿ ಬಳಗದವು! ಹೇನು ಸಾಯೋ ವಿಷಕ್ಕೆ ಕಾಟ್ಲಾದ ಊಟವೂ ಸಾಯುತ್ತೆ. ದನ ಕುಡಿಯೋ ಕೆರೆ ಆದ್ರಂತೂ ಕೇಳೋದೇ ಬೇಡ. ಔಷಧಿ ಹಾಕಲೇಬೇಕಂದ್ರೆ ಮೀನುಗಾರಿಕೆ ಇಲಾಖೆಯವರನ್ನ ಕೇಳಿ, ಅಳತೆ ತಿಳ್ಕೊಂಡು ಹಾಕಿ.

ಇಷ್ಟು ಮಾಡಿದ್ರೂ ಮೊಟ್ಟೆ ಉಳ್ಕೊಳ್ಳುತ್ತೆ. ಯಾಕಂದ್ರೆ ಹೆಣ್ಣು ಆರ್ಗುಲಸ್ ಮೊಟ್ಟೆ ಇಡೋದು ಮೀನಿನ ಮೇಲಲ್ಲ. ಮೀನು ಬಿಟ್ಟು ಈಜಿ ಹೋಗಿ ಕಲ್ಲಿಗೆ, ಕೊರಡಿಗೆ ಸಾಲಾಗಿ ಅಂಟಿಸುತ್ತೆ. ಹಾಗಾಗಿ ಹೊಂಡದಲ್ಲಿ ಬಿದಿರ ಗಳ, ಹಲಗೆ ನಿಲ್ಲಿಸಿ ಇಡಿ. ಮೊಟ್ಟೆ ಅಲ್ಲಿಗೆ ಬರುತ್ತೆ. ಬೆಚ್ಚಗಿನ ನೀರಲ್ಲಿ ಮರಿಯಾಗೋಕೆ ಎರಡು ಮೂರು ವಾರ ಬೇಕು, ನೀವು ವಾರಕ್ಕೊಮ್ಮೆ ಎತ್ತಿ, ಕೆರೆದು, ಬಿಸಿಲಲ್ಲಿ ಒಣಗಿಸಿ. ದೊಡ್ಡ ಕೆರೆಗೆ ಇದು ಸಾಲದು, ನಿಜ.

ನಾಗಮಂಗಲದಲ್ಲಿ ಬೇಸಿಗೆಗೆ ಬತ್ತೋ ಕೆರೆಗಳಲ್ಲಿ ಈ ಕೆಲಸ ಬಿಸಿಲೇ ಮಾಡಿಕೊಡುತ್ತೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಕಡೆ ನಾಲೆ ನೀರು ನಿಂತೇ ಇರೋ ಹೊಂಡಗಳಲ್ಲಿ ಗಳ ನಾವೇ ಎತ್ತಬೇಕು. ಮತ್ತೆ, ಹೇನು ಹೊಸ ಮರಿಗಳ ಜೊತೆಗೂ ಬರುತ್ತೆ. ಬಿಡೋ ಮುಂಚೆ ಬಕೆಟ್‌ನಲ್ಲೇ ಒಂದು ಹಿಡಿ ಮರಿ ಎತ್ತಿ, ರೆಕ್ಕೆಯ ಬುಡ ನೋಡಿ.