ಪಿಕಪ್ ಬೇಕೋ, ಪುಲ್ಲಿಂಗ್ ಬೇಕೋ

ಮಲ್ಪೆ ಬಂದರಿನಲ್ಲಿ ಬೆಳಕು ಹರಿಯುವ ಮುಂಚೆಯೇ ಗಾಡಿಗಳು ಹಿಂಬದಿ ತಿರುಗಿಸಿ ಸಾಲಾಗಿ ನಿಂತಿರುತ್ತವೆ. ಬಂಗುಡೆ, ಬೂತಾಯಿ ತುಂಬಿದ ಕ್ರೇಟುಗಳು ಒಂದರ ಮೇಲೊಂದು ಏರುತ್ತವೆ. ಐಸಿನ ನೀರು ಹಲಗೆಯ ಸಂದಿಯಿಂದ ಇಳಿದು ನೆಲದಲ್ಲಿ ಸಣ್ಣ ಕಾಲುವೆಯಾಗುತ್ತದೆ. ಬೋಟುಗಳ ಗುಡುಗುಡು, ಹರಾಜಿನ ಕೂಗು, ಕಾಗೆಗಳ ಗದ್ದಲ ಎಲ್ಲವನ್ನೂ ಸೀಳಿಕೊಂಡು ಇನ್ನೊಂದು ಸದ್ದು ಏಳುತ್ತದೆ: ಹಳೆಯ ಟಾಟಾ ಏಸ್ ಸ್ಟಾರ್ಟ್ ಆಗುವ ಸದ್ದು. ಇಡೀ ಕ್ಯಾಬಿನ್ ಒಮ್ಮೆ ಮೈ ಕೊಡವಿಕೊಂಡು, ಆಮೇಲೆ ನಡುಗುತ್ತಲೇ ಒಂದು ಲಯಕ್ಕೆ ಬರುತ್ತದೆ. ಎರಡೇ ಸಿಲಿಂಡರ್, ನಡುಕ ಅದರ ಹುಟ್ಟುಗುಣ.

ಆ ಹುಟ್ಟಿನ ಕಥೆ ನನಗೆ ಬಹಳ ಇಷ್ಟ. 1998ರ ಕೊನೆಗೆ ಟಾಟಾದವರ ಇಂಡಿಕಾ ಕಾರು ಬಂತು. ಅದರ ಡೀಸೆಲ್ ಎಂಜಿನ್ 1405 ಸಿಸಿ, ನಾಲ್ಕು ಸಿಲಿಂಡರ್. 2005ರಲ್ಲಿ ಏಸ್ ಬಂತು: 702 ಸಿಸಿ, ಎರಡು ಸಿಲಿಂಡರ್. ಎರಡರಲ್ಲೂ ಸಿಲಿಂಡರಿನ ಬಾಯಿ 75 ಮಿ.ಮೀ., ಪಿಸ್ಟನ್ ಏರಿಳಿಯುವ ದೂರ 79.5 ಮಿ.ಮೀ. ಅಂದರೆ ತೆಂಗಿನಕಾಯಿ ಒಡೆದ ಹಾಗೆ ಸರಿಯಾಗಿ ಅರ್ಧ. ಆದರೆ ಶಕ್ತಿ ಅರ್ಧವಾಗಲಿಲ್ಲ. ಇಂಡಿಕಾದ್ದು ಸುಮಾರು 53 ಅಶ್ವಶಕ್ತಿ, ಮೊದಲ ಏಸ್‌ನದ್ದು ಬರೀ 16. ಮೂರನೇ ಒಂದು ಪಾಲೂ ಇಲ್ಲ!

ಇದು ಎಂಜಿನ್ನಿನ ಸೋಲಲ್ಲ. ಕಾರಿನ ಎಂಜಿನ್ ತನ್ನ ಪೂರ್ತಿ ಬಲ ತೋರಿಸುವುದು ನಿಮಿಷಕ್ಕೆ 5,000 ಸುತ್ತು ದಾಟಿದ ಮೇಲೆ. ಏಸ್‌ಗೆ ಅದು 3,200ಕ್ಕೇ ಮುಗಿಯುತ್ತದೆ. ಶಕ್ತಿ ಎಂದರೆ ಒಂದು ತಳ್ಳಿನ ಬಲ ಮತ್ತು ನಿಮಿಷಕ್ಕೆ ಎಷ್ಟು ತಳ್ಳು ಎಂಬುದರ ಗುಣಾಕಾರ. ತಳ್ಳುಗಳನ್ನು ಕಡಿಮೆ ಮಾಡಿದರೆ ಶಕ್ತಿ ಇಳಿಯುತ್ತದೆ, ಸವೆತವೂ ಇಳಿಯುತ್ತದೆ. ದಿನವಿಡೀ 750 ಕಿಲೋ ಹೊರಬೇಕಾದ ಗಾಡಿಗೆ ಓಟಕ್ಕಿಂತ ಆಯುಸ್ಸು ಮುಖ್ಯ ಎಂದು ತೀರ್ಮಾನಿಸಿದವರನ್ನು ನಾನು ಮೆಚ್ಚುತ್ತೇನೆ.

ನಮ್ಮ ಊರಿನ ಮಾತಿನಲ್ಲೇ ಈ ಇಡೀ ವಿದ್ಯೆ ಅಡಗಿದೆ. ಕಾರು ಕೊಳ್ಳುವವರು ಕೇಳುವುದು, “ಪಿಕಪ್ ಉಂಟಾ?” ಪಿಕಪ್ ಗಾಡಿ ಕೊಳ್ಳುವವರು ಕೇಳುವುದು ಮಾತ್ರ, “ಪುಲ್ಲಿಂಗ್ ಹೇಗೆ?” ಚಿಮ್ಮುವುದು ಒಂದು, ಎಳೆಯುವುದು ಇನ್ನೊಂದು. ಒಂದೇ ಎಂಜಿನ್ನಿಗೆ ಈ ಎರಡು ಸ್ವಭಾವ ಕಲಿಸುವುದೇ ಕಂಪನಿಗಳ ಕಸುಬು.

ಬೆಳಗ್ಗೆ ಎಂಟೂವರೆಗೆ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ ಆ ಕಸುಬು ಕಣ್ಣೆದುರಿಗೇ ಕಾಣುತ್ತದೆ. ಆಸ್ಪತ್ರೆಗೆ, ಕಾಲೇಜಿಗೆ ಹೊರಟ ಸಾಲಿನಲ್ಲಿ ಒಂದು ಸ್ವಿಫ್ಟ್. ಅದರ ಹಿಂದೆ ತರಕಾರಿ ಮೂಟೆ ಹೊತ್ತ ಮಾರುತಿ ಸೂಪರ್ ಕ್ಯಾರಿ. 2021ರ ಸ್ವಿಫ್ಟ್‌ನಲ್ಲಿ ಬಂದ 1197 ಸಿಸಿ ಪೆಟ್ರೋಲ್ ಎಂಜಿನ್ನೇ 2023ರಲ್ಲಿ ಸೂಪರ್ ಕ್ಯಾರಿಗೂ ಬಂತು. ಸ್ವಿಫ್ಟ್‌ನಲ್ಲಿ ಅದರ ಎಳೆತ 113 ನ್ಯೂಟನ್ ಮೀಟರ್, ಆದರೆ ಅದು ಪೂರ್ತಿ ಸಿಗುವುದು 4,400 ಸುತ್ತಿಗೆ. ಸೂಪರ್ ಕ್ಯಾರಿಯಲ್ಲಿ 104 ಚಿಲ್ಲರೆ, ಅದು 2,900ಕ್ಕೇ ಕೈಗೆ ಸಿಗುತ್ತದೆ. ಸುಮಾರು ಒಂಬತ್ತು ನ್ಯೂಟನ್ ಮೀಟರ್ ಬಿಟ್ಟುಕೊಟ್ಟು 1,500 ಸುತ್ತು ಗಳಿಸಿದ ಹಾಗಾಯಿತು. ಏರಿನಲ್ಲಿ ಹಂಪ್ ಬಂದು, ಭಾರ ಹೊತ್ತು ನಿಂತಲ್ಲಿಂದ ಎತ್ತಬೇಕಾದ ಚಾಲಕನಿಗೆ ಬೇಕಾದ್ದು ಅದೇ. ಕವಾಟ ತೆರೆಯುವ ಹೊತ್ತು, ಗಾಳಿ ಒಳಬರುವ ದಾರಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನೊಳಗಿನ (ಇಸಿಎಂ) ಲೆಕ್ಕ, ಗೇರಿನ ಹಲ್ಲುಗಳ ಪ್ರಮಾಣ: ಎರಕದ ಬ್ಲಾಕಿಗೆ ಕೈ ಹಚ್ಚದೆ ಇಂಥವನ್ನು ತಿದ್ದಿಯೇ ಎಂಜಿನ್ನಿನ ನಡತೆ ಬದಲಿಸಬಹುದು.

ಇದಕ್ಕೂ ಮುಂಚೆ ಮಾರುತಿಯವರು 793 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಮಾಡಿದ್ದರು. 2015ರಲ್ಲಿ ಸೆಲೆರಿಯೊ ಕಾರಿನಲ್ಲಿ ಅದು 47 ಅಶ್ವಶಕ್ತಿ ಕೊಟ್ಟಿತು. ಮರುವರ್ಷ ಸೂಪರ್ ಕ್ಯಾರಿಯಲ್ಲಿ 32. ಕಾರಿನಲ್ಲಿ ಅದು ಬಾಳಲಿಲ್ಲ, ಕೂತವರಿಗೆ ನಡುಕ ಸೇರಲಿಲ್ಲ. ಗಾಡಿಯಲ್ಲಿ 2020ರ ಹೊಗೆ ನಿಯಮ ಬರುವ ತನಕ ದುಡಿಯಿತು.

ಎಲ್ಲರೂ ಹೀಗೆ ತಗ್ಗಿಸುವುದಿಲ್ಲ. ಮಣಿಪಾಲದಲ್ಲಿ ಕಾಣುವ ಫಾರ್ಚ್ಯೂನರ್‌ಗೂ ಟೊಯೋಟಾದ ಹೈಲಕ್ಸ್ ಪಿಕಪ್ಪಿಗೂ 2.8 ಲೀಟರಿನ ಡೀಸೆಲ್ ಒಂದೇ, 204 ಅಶ್ವಶಕ್ತಿ ಒಂದೇ. ಭೇದ ಇರುವುದು ಹಿಂದಿನ ಆಕ್ಸಲಿನಲ್ಲಿ: ಕಾರಿಗೆ ಕಾಯಿಲ್ ಸ್ಪ್ರಿಂಗ್, ಪಿಕಪ್ಪಿಗೆ ಪಟ್ಟಿ ಸ್ಪ್ರಿಂಗ್. ಬೊಲೆರೊ ಕಥೆ ತಿರುಗುಮುರುಗು. ಮೊದಲು ಕಾರಿಗೂ ಪಿಕಪ್ಪಿಗೂ 2523 ಸಿಸಿಯ ಎಂಜಿನ್ ಇತ್ತು. ನಾಲ್ಕು ಮೀಟರಿಗಿಂತ ಗಿಡ್ಡ ಇದ್ದು 1500 ಸಿಸಿ ಮೀರದ ಡೀಸೆಲ್ ಕಾರಿಗೆ ತೆರಿಗೆ ಕಡಿಮೆ ಎಂದು 2016ರಲ್ಲಿ ಕಾರಿನ ಎಂಜಿನ್ ಸಣ್ಣದಾಯಿತು. ಪಿಕಪ್ಪಿಗೆ ಆ ಚಿಂತೆ ಇಲ್ಲ; ಹಳೆಯ ದೊಡ್ಡ ಎಂಜಿನ್ ಅದರಲ್ಲೇ ಉಳಿಯಿತು.

ಕಾಪು ಪೇಟೆಯ ಕಡೆ ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ಜಾಕ್ ಮೇಲೆ ಎತ್ತಿದ ಸೂಪರ್ ಕ್ಯಾರಿಯಂಥ ಗಾಡಿಯ ಅಡಿಗೆ ಬಗ್ಗಿ ನೋಡಿದೆ. ಸ್ವಿಫ್ಟ್‌ನಂಥ ಕಾರಿನಲ್ಲಿ ಬಾನೆಟ್ಟಿನ ಕೆಳಗೆ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುವ ಎಂಜಿನ್, ಇಲ್ಲಿ ಸೀಟಿನ ಅಡಿಗೆ ಉದ್ದಕ್ಕೆ ಮಲಗಿದೆ. ಅದರಿಂದ ಹೊರಟ ಶಾಫ್ಟ್ ಹಿಂದಿನ ಹೌಸಿಂಗಿಗೆ ಹೋಗಿ ಸೇರುತ್ತದೆ. ಏಕೆಂದರೆ ಭಾರ ಬೀಳುವುದು ಹಿಂದಿನ ಚಕ್ರಕ್ಕೆ, ಏರು ಬಂದಾಗ ಇನ್ನೂ ಹಿಂದಕ್ಕೆ. ಎಲ್ಲಿ ಭಾರವೋ ಅಲ್ಲಿ ಹಿಡಿತ. ಆದರೆ ಎಲ್ಲ ಸರಕಿಗೂ ಬೇಕಾದದ್ದು ಒಂದೇ ಅಲ್ಲ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಗೆ ಬೇಕಾದದ್ದು ವೇಗ. ಅಟ್ಟೆ ಕಟ್ಟಿದ ಹೂವಿಗೆ ತೂಕವೆಲ್ಲಿಯದು? ಮಟ್ಟುಗುಳ್ಳ ಬದನೆಯ ಚೀಲಗಳಿಗೆ ತೂಕ ಹೊರುವ ಗಾಡಿ ಬೇಕು. ಮಲ್ಪೆಯ ಮೀನಿಗೆ ಎರಡೂ ಬೇಕು.

ಕಾರ್ಕಳದ ಕೆಂಪುಕಲ್ಲಿಗೆ ಬೇಕಾದದ್ದು ಎಳೆತ ಮಾತ್ರ. ಮಧ್ಯಾಹ್ನದ ಬಿಸಿಲಿನಲ್ಲಿ, ಕಲ್ಲಿನ ಕೋರೆಯಿಂದ ಮಣ್ಣುದಾರಿ ಹತ್ತಿ ಬರುವ ಏಸ್‌ನ ಹಿಂದಿನ ಟಯರು ಚಪ್ಪಟೆಯಾಗಿತ್ತು, ಮುಂಭಾಗ ಆಕಾಶ ನೋಡುತ್ತಿತ್ತು. ಚಾಲಕ ಮೊದಲ ಗೇರಿನಲ್ಲೇ, ಕ್ಲಚ್ ಅರ್ಧ ಒತ್ತಿ, ಸ್ಟೇರಿಂಗಿಗೆ ಎದೆ ತಾಗಿಸಿಕೊಂಡು ಕೂತಿದ್ದ. ಕ್ಲಚ್ ಪ್ಲೇಟು ಸುಟ್ಟ ವಾಸನೆ ಗಾಡಿ ಮರೆಯಾದ ಮೇಲೂ ಧೂಳಿನಲ್ಲಿ ನಿಂತಿತ್ತು. ಒಂದು ಕಲ್ಲು 25 ಕಿಲೋ ಎಂದೇ ಹಿಡಿಯೋಣ. 750 ಕಿಲೋ ಎಂದರೆ ಮೂವತ್ತು ಕಲ್ಲು. ಆ ಗಾಡಿಯಲ್ಲಿ ಅದರ ಎರಡರಷ್ಟಾದರೂ ಇದ್ದ ಹಾಗೆ ಕಂಡಿತು.

16 ಅಶ್ವಶಕ್ತಿಗೆ ತಗ್ಗಿಸಿ ಉಳಿಸಿದ ಆಯುಸ್ಸನ್ನು ನಾವು ಹೀಗೆ ಒಂದೇ ಏರಿನಲ್ಲಿ ಖರ್ಚು ಮಾಡುತ್ತಿದ್ದೇವೆ. ಆ ಕ್ಲಚ್ಚಿನ, ಪಟ್ಟಿಯ, ಟಯರಿನ ಬೆಲೆ ತೆರುವವನು ಸಾಲದ ಕಂತು ಕಟ್ಟುತ್ತಿರುವ ಚಾಲಕ. ಬ್ರೇಕು ಹಿಡಿಯದೆ ಹೋದರೆ ಜೀವ ತೆರುವವನೂ ಅವನೇ. ಮನೆ ಕಟ್ಟಿಸುತ್ತಿರುವವರೇ, ಅರವತ್ತು ಕಲ್ಲು ಬೇಕಿದ್ದರೆ ದಯವಿಟ್ಟು ಎರಡು ಟ್ರಿಪ್ ಮಾಡಿಸಿ, ಎರಡರ ಬಾಡಿಗೆಯನ್ನೂ ಕೊಡಿ.